ಎದೆ ಯಾಕೆ ಉರೀತದೆ?

ನಮ್ಮೂರಲ್ಲಿ ಯಾರಿಗೆ ಎದೆ ಉರಿದರೂ "ಗ್ಯಾಸ್ಟ್ರಿಕ್" ಅಂತ ಒಂದೇ ಮಾತು. ಒಂದು ಸೋಡಾ ಕುಡಿದು, ತೇಗಿ, ಸುಮ್ಮನಾಗುತ್ತಾರೆ. ನಿಜವಾಗಿ ಈ ಉರಿ ಗ್ಯಾಸಿನದಲ್ಲ, ಆಮ್ಲದ್ದು.

ನಮ್ಮ ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇದೆ. ಹೌದು ಗೆಳೆಯರೆ, ವಿಜ್ಞಾನದ ಬೀರುವಿನಲ್ಲಿಟ್ಟು ಮೇಷ್ಟ್ರು "ಮುಟ್ಟಬೇಡಿ" ಅಂತಾರಲ್ಲ, ಅದೇ. ಹೊಟ್ಟೆಯಲ್ಲಿ ಸಾರರಿಕ್ತವಾಗಿರುತ್ತದೆ, ಅಷ್ಟೆ. 1824ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಪ್ರೌಟ್ ಇದನ್ನು ತೋರಿಸಿಕೊಟ್ಟರು. ಜಠರದ ಒಳಗೋಡೆಗೆ ದಪ್ಪ ಲೋಳೆಯ ಹೊದಿಕೆ ಇರುವುದರಿಂದ ಅದು ಸುಡುವುದಿಲ್ಲ. ಅನ್ನನಾಳಕ್ಕೆ ಅಂಥ ರಕ್ಷಣೆ ಇಲ್ಲ. ಸುಮಾರು 25 ಸೆಂ.ಮೀ. ಉದ್ದದ ಈ ಕೊಳವೆಯ ಕೆಳತುದಿಯಲ್ಲಿ ಬಳೆಯಂಥ ಒಂದು ಸ್ನಾಯು ಇದೆ. ನುಂಗಿದಾಗ ತೆರೆದು, ಮತ್ತೆ ಬಿಗಿಯಾಗಬೇಕು, ಚೀಲದ ಬಾಯಿಗೆ ಕಟ್ಟಿದ ಲಾಡಿಯ ಹಾಗೆ. ಲಾಡಿ ಸಡಿಲಾದರೆ ಆಮ್ಲ ಮೇಲೆ ನುಗ್ಗುತ್ತದೆ. ಅದೇ ಎದೆಯುರಿ, ಹುಳಿತೇಗು.

ಹಬ್ಬದೂಟ ಜಾಸ್ತಿಯಾದಾಗ ಯಾರಿಗಾದರೂ ಹೀಗಾಗಬಹುದು. ಆದರೆ ವಾರಕ್ಕೆ ಎರಡು ಮೂರು ಸಲ ಆಗುತ್ತಿದ್ದರೆ ಅದು ಕಾಯಿಲೆ.

ಈ ಕಾಯಿಲೆಯವರಿಗೆ ಬಗ್ಗುವುದೇ ಶಿಕ್ಷೆ. ನಮ್ಮ ದೊಡ್ಡಮ್ಮ ನಾಟಿಗೆ, ಕಳೆ ಕೀಳೋಕೆ ಹೋಗುವವರು. "ಬಗ್ಗಿದ್ರೆ ತಿಂದಿದ್ದೆಲ್ಲ ಗಂಟಲಿಗೆ ಬರ್ತದೆ ಕಣೋ" ಅಂತಿದ್ದರು. ಅದಕ್ಕೇ ಬೆಳಗ್ಗೆ ಏನೂ ತಿನ್ನದೆ ಹೋಗಿ, ಮಧ್ಯಾಹ್ನದೊಳಗೆ ಸುಸ್ತಾಗಿ ಬದುವಿನ ಮೇಲೆ ಕೂರುತ್ತಿದ್ದರು. ಅರ್ಧ ದಿನದ ಕೂಲಿ ಹೋಯಿತು, ಮೇಲಿಂದ ಸೋಮಾರಿ ಅನ್ನೋ ಹೆಸರು ಬೇರೆ! ಜ್ವರ ಬಂದರೆ ಮೈ ಮುಟ್ಟಿ ನೋಡಬಹುದು. ಈ ಉರಿ ಯಾರ ಕಣ್ಣಿಗೂ ಕಾಣುವುದಿಲ್ಲ. ರಾತ್ರಿ ಮಲಗಿದರೆ ಇನ್ನೂ ಕಷ್ಟ, ಯಾಕೆಂದರೆ ಜಠರ ಮತ್ತು ಗಂಟಲು ಒಂದೇ ಮಟ್ಟಕ್ಕೆ ಬರುತ್ತವೆ. ಅವರು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದ ರಾತ್ರಿಗಳು ಎಷ್ಟೋ.

ಎಲ್ಲರಿಗೂ ಎದೆಯೇ ಉರಿಯಬೇಕೆಂದಿಲ್ಲ. ಕೆಲವರಿಗೆ ರಾತ್ರಿ ಒಣಕೆಮ್ಮು, ಕೆಲವರಿಗೆ ಬೆಳಗ್ಗೆ ಗಂಟಲು ಕಟ್ಟುವುದು. ದಿನವಿಡೀ ಮಾತಾಡಬೇಕಾದ ನಮ್ಮ ಮೇಷ್ಟ್ರುಗಳು ಇದನ್ನು ಬರೀ ಸೀಮೆಸುಣ್ಣದ ಪುಡಿ ಅಂದುಕೊಳ್ಳಬಾರದು. ಬಹಳ ಕಾಲ ಬಿಟ್ಟರೆ ಹಲ್ಲಿನ ಹೊಳಪೂ ಸವೆಯುತ್ತದೆ.

ಮಲಗುವುದಕ್ಕೆ ಮೂರು ಗಂಟೆ ಮೊದಲೇ ಊಟ ಮುಗಿಸುವುದು ಒಳ್ಳೆಯದು. ಒಂದೇ ಸಲ ಹೊಟ್ಟೆ ಬಿರಿಯ ತಿನ್ನಬಾರದು. ಹೊಗೆಸೊಪ್ಪು, ಬೀಡಿ, ಹೆಂಡ ಆ ಸ್ನಾಯುವನ್ನು ಸಡಿಲ ಮಾಡುತ್ತವೆ. ಕಾಫಿ, ಖಾರ ಯಾರಿಗೆ ಆಗದೋ ಅವರು ಬಿಟ್ಟರೆ ಸಾಕು. ಎಡಮಗ್ಗುಲಲ್ಲಿ ಮಲಗಿದರೆ ಆಮ್ಲ ಮೇಲೆ ಬರುವುದು ಕಡಿಮೆ. ಮಂಚದ ತಲೆಕಡೆಯ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಅರ್ಧ ಅಡಿ ಎತ್ತರಿಸಬಹುದು. ಚಾಪೆಯವರು ಕಂಬಳಿ ಮಡಿಸಿ ಬೆನ್ನಿನಿಂದಲೇ ಇಳಿಜಾರು ಮಾಡಿಕೊಳ್ಳಲಿ. ಬರೀ ತಲೆದಿಂಬು ಜಾಸ್ತಿ ಹಾಕಿದರೆ ಕುತ್ತಿಗೆ ನೋವೇ ಲಾಭ.

ನುಂಗಲು ಕಷ್ಟವಾದರೆ, ತೂಕ ಇಳಿದರೆ, ಮಲ ಕಪ್ಪಗಾದರೆ ಅಂಗಡಿ ಮಾತ್ರೆ ಸಾಲದು, ಡಾಕ್ಟರಿಗೆ ತೋರಿಸಲೇಬೇಕು. ಎದೆ ಹಿಂಡಿದಂತಾಗಿ, ಬೆವರು ಬಂದು, ನೋವು ಎಡಗೈಗೋ ದವಡೆಗೋ ಹರಿದರೆ ಅದು ಹೃದಯದ್ದಿರಬಹುದು. ಆಗ ಸೋಡಾ ಹುಡುಕುತ್ತಾ ಕೂರದೆ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.