ನೈಲ್ ಕಾಲುವೆಯಿಂದ ಮೂತ್ರಕೋಶದವರೆಗೆ

1851ರಲ್ಲಿ ಕೈರೋದ ಕಸ್ರ್ ಅಲ್ ಐನಿ ಆಸ್ಪತ್ರೆಯಲ್ಲಿ ಶವಪರೀಕ್ಷೆ ನಡೆಸುತ್ತಿದ್ದ ಜರ್ಮನ್ ವೈದ್ಯ ಥಿಯೊಡೋರ್ ಬಿಲ್ಹಾರ್ಜ್ ರಕ್ತನಾಳದೊಳಗೆ ಹುಳುಗಳನ್ನು ಕಂಡರು. ಈಜಿಪ್ಟಿನ ರೈತರಿಗೆ ಮೂತ್ರದಲ್ಲಿ ರಕ್ತ ಹೋಗುವುದಕ್ಕೆ ಅವೇ ಕಾರಣವೆಂದು ಗೊತ್ತಾಯಿತು, ರೋಗಕ್ಕೆ ಬಿಲ್ಹಾರ್ಜಿಯಾ ಎಂಬ ಹೆಸರು ನಿಂತಿತು. ಹುಳು ಹೊಸದೇನಲ್ಲ. ಸುಮಾರು 3,000 ವರ್ಷ ಹಳೆಯ ಮಮ್ಮಿಗಳ ಮೂತ್ರಪಿಂಡಗಳಲ್ಲಿ ಅದರ ಮೊಟ್ಟೆಗಳನ್ನು ಮಾರ್ಕ್ ಆರ್ಮಂಡ್ ರಫರ್ 1910ರಲ್ಲಿ ಗುರುತಿಸಿದರು. ಮರುವರ್ಷ ಫರ್ಗೂಸನ್ ಎಂಬ ವೈದ್ಯರು ಈ ಸೋಂಕಿಗೂ ಮೂತ್ರಕೋಶದ ಕ್ಯಾನ್ಸರಿಗೂ ನಂಟಿದೆಯೆಂದು ವಾದಿಸಿದರು. ಹುಳುವಿನ ಮರಿ ಸಿಹಿನೀರಿನ ಬಸವನಹುಳುವಿನಲ್ಲಿ ಬೆಳೆದು, ನೀರಿಗಿಳಿದವರ ಚರ್ಮ ತೂರಿ ಒಳಸೇರುತ್ತದೆ ಎಂಬುದನ್ನು 1915ರಲ್ಲಿ ರಾಬರ್ಟ್ ಲೈಪರ್ ತೋರಿಸಿದರು. ಹತ್ತಿಗಾಗಿ ವರ್ಷಪೂರ್ತಿ ನೀರು ಹರಿಸಿದ ಕಾಲುವೆಗಳು ಆ ಬಸವನಹುಳುಗಳಿಗೆ ಹೇಳಿ ಮಾಡಿಸಿದ ತಾವಾಗಿದ್ದವು.

ಹುಳುವೇ ಕ್ಯಾನ್ಸರ್ ತರುತ್ತದೆ ಎಂದುಬಿಡುವುದು ಸುಲಭ. ಪುರಾವೆಗಳನ್ನು ಜೋಡಿಸಿ ನೋಡಿದರೆ, ಹೆಚ್ಚಿನ ಹಾನಿ ದೇಹದ ಸ್ವಂತ ಕಿಣ್ವಗಳಿಂದಲೇ ಆಗುತ್ತದೆ ಎಂದು ನನಗೆ ತೋರುತ್ತದೆ. ಬೆಳೆದ ಹುಳು ರಕ್ಷಣಾ ವ್ಯವಸ್ಥೆಯ ಕಣ್ಣುತಪ್ಪಿಸಿ ವರ್ಷಗಟ್ಟಲೆ ಬದುಕುತ್ತದೆ. ತೊಂದರೆಯೆಲ್ಲ ಮೊಟ್ಟೆಗಳದು. ಮೂತ್ರದೊಡನೆ ಹೊರಬೀಳದೆ ಮೂತ್ರಕೋಶದ ಗೋಡೆಯಲ್ಲಿ ಸಿಕ್ಕಿಕೊಂಡವು ಆರದ ಉರಿಯೂತ ಎಬ್ಬಿಸುತ್ತವೆ. ಅಲ್ಲಿ ಮುತ್ತಿಕೊಂಡ ರಕ್ಷಕ ಕೋಶಗಳಲ್ಲಿ ಐಎನ್‌ಒಎಸ್ ಎಂಬ ಕಿಣ್ವ ಹುಟ್ಟಿ, ಆರ್ಜಿನೈನ್‌ನಿಂದ ನೈಟ್ರಿಕ್ ಆಕ್ಸೈಡ್ ತಯಾರಿಸುತ್ತದೆ. ಹೊರಗಿನ ಜೀವಿಯನ್ನು ಕೊಲ್ಲಲೆಂದಿರುವ ಈ ಅಸ್ತ್ರ ವರ್ಷಾನುಗಟ್ಟಲೆ ಸುರಿದಾಗ ಅಕ್ಕಪಕ್ಕದ ಕೋಶಗಳ ಡಿಎನ್‌ಎಗೂ ಪೆಟ್ಟು ಬೀಳುತ್ತದೆ. ಇನ್ನೊಂದು ಕಿಣ್ವ ಕಾಕ್ಸ್-2. ಅದು ತಯಾರಿಸುವ ಪ್ರೊಸ್ಟಾಗ್ಲಾಂಡಿನ್‌ಗಳು ಕೋಶ ವಿಭಜನೆಯನ್ನು ಉತ್ತೇಜಿಸುತ್ತವೆ, ಕೆಟ್ಟ ಕೋಶ ಸಾಯದಂತೆ ತಡೆಯುತ್ತವೆ, ಗೆಡ್ಡೆಗೆ ರಕ್ತನಾಳ ಒದಗಿಸುತ್ತವೆ. ಒಂದು ಕಿಣ್ವ ಡಿಎನ್‌ಎ ಕೆಡಿಸಿದರೆ ಇನ್ನೊಂದು ಕೆಟ್ಟಿದ್ದನ್ನು ಸಾಕುತ್ತದೆ. ಬಿಲ್ಹಾರ್ಜಿಯಾ ಹಿನ್ನೆಲೆಯ ಗೆಡ್ಡೆಗಳಲ್ಲಿ ಇವೆರಡೂ ಕಂಡುಬಂದಿವೆ.

ಕಾಕ್ಸ್-2 ಹುಳುವಿನ ಸೋಂಕೇ ಇಲ್ಲದವರ ಗೆಡ್ಡೆಗಳಲ್ಲೂ ಸಿಗುತ್ತದಲ್ಲ, ಅದು ಕಾರಣವೋ ಪರಿಣಾಮವೋ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಬೆಳೆದ ಗೆಡ್ಡೆಯ ತುಣುಕೊಂದನ್ನೇ ನೋಡಿ ತೀರ್ಪು ಕೊಡಲಾಗದು. ಆದರೆ ಧೂಮಪಾನಿಗಳ ಕ್ಯಾನ್ಸರ್ ಸಾಮಾನ್ಯವಾಗಿ ಮೂತ್ರಕೋಶದ ಸಹಜ ಒಳಪದರದ ರೂಪದಲ್ಲೇ ಬೆಳೆಯುತ್ತದೆ. ಈಜಿಪ್ಟಿನಲ್ಲಿ ಹೆಚ್ಚಾಗಿ ಕಂಡದ್ದು ಚರ್ಮದಂಥ ಚಪ್ಪಟೆ ಕೋಶಗಳ ಕ್ಯಾನ್ಸರ್. ದೀರ್ಘಕಾಲ ಕೆರಳಿದ ಒಳಪದರ ಹೀಗೆ ಚಪ್ಪಟೆಯಾಗುವುದು ವೈದ್ಯರಿಗೆ ಹಳೆಯ ಪರಿಚಯ. ಸೋಂಕು ತಗುಲಿದ ಬಹುತೇಕರಿಗೆ ಕ್ಯಾನ್ಸರ್ ಬರುವುದಿಲ್ಲ ಎಂಬುದೂ ನಿಜ, ಆದರೆ ಬೀಡಿ ಸೇದುವವರ ವಿಷಯದಲ್ಲೂ ಅಷ್ಟೇ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1994ರಲ್ಲಿ ಈ ಸೋಂಕನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವವುಗಳ ಮೊದಲ ಗುಂಪಿಗೆ ಸೇರಿಸಿತು.

ಪ್ರಾಜಿಕ್ವಾಂಟೆಲ್ ಮಾತ್ರೆ ಹಳ್ಳಿಗಳನ್ನು ತಲುಪಿದ ಮೇಲೆ ಈಜಿಪ್ಟಿನಲ್ಲಿ ಸೋಂಕು ಇಳಿಯಿತು, ಚಪ್ಪಟೆ ಕೋಶದ ಕ್ಯಾನ್ಸರಿನ ಪಾಲೂ ಇಳಿಯಿತು. ಇದರಲ್ಲಿ ಸಿಗರೇಟಿನ ಪಾತ್ರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು: ಇನ್ನೊಂದು ಬಗೆಯ ಕ್ಯಾನ್ಸರ್ ಏರಿದರೆ ಇದರ ಪಾಲು ತಾನಾಗಿ ಕುಗ್ಗುತ್ತದೆ. ಆದರೂ ಎರಡು ಇಳಿಕೆಗಳೂ ಜೊತೆಜೊತೆಗೇ ಸಾಗಿದ್ದನ್ನು ಕಾಕತಾಳೀಯವೆಂದು ತಳ್ಳಿಹಾಕಲು ನನಗೆ ಆಗದು. ಮಾತ್ರೆ ದೊಡ್ಡ ಹುಳುವನ್ನು ಕೊಲ್ಲುತ್ತದೆ, ಗೋಡೆಯಲ್ಲಿ ಸುಣ್ಣಗಟ್ಟಿದ ಮೊಟ್ಟೆಗಳನ್ನು ಕರಗಿಸುವುದಿಲ್ಲ. ಕಿಣ್ವಗಳ ಈ ಕೆಲಸ ಶುರುವಾಗುವ ಮೊದಲೇ, ಎಳವೆಯಲ್ಲೇ ಔಷಧ ಸಿಗಬೇಕಾದದ್ದು ಅದಕ್ಕೇ. ಇಂದು ಈ ಹೊರೆ ಹೆಚ್ಚಾಗಿ ಸಹಾರಾ ಮರುಭೂಮಿಯ ದಕ್ಷಿಣದ ಆಫ್ರಿಕಾದ್ದು. ಅಲ್ಲಿ ಶಾಲೆಗಳಲ್ಲಿ ಮಾತ್ರೆ ಹಂಚುತ್ತಾರೆ. ಅಮ್ಮನ ಜೊತೆ ಬಟ್ಟೆ ಒಗೆಯುವ ಜಾಗಕ್ಕೆ ಹೋಗಿ ನೀರಲ್ಲಿ ಆಡುವ, ಇನ್ನೂ ಶಾಲೆಗೆ ಸೇರದ ಕೂಸುಗಳು ಬಹುಕಾಲ ಆ ಪಟ್ಟಿಯಿಂದ ಹೊರಗೇ ಉಳಿದಿದ್ದವು.