ಜೇನಿಗೂ ಬೇಕು ದಾರಿಬುತ್ತಿ

ಮಕ್ಕಳೇ, ಕೊಳ್ಳೇಗಾಲ, ಹನೂರು ದಾಟಿ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗುವ ಪರಸೆಯವರನ್ನು ನೋಡಿದ್ದೀರಲ್ಲ? ದೂರದ ದಾರಿಗೆ ಹೊರಟವರಿಗೆ ಬುತ್ತಿ ಬೇಕು. ಅದೇ ದಾರಿಯಲ್ಲಿ ಇನ್ನೊಂದು ಪರಸೆಯೂ ಓಡಾಡುತ್ತದೆ. ಅದು ಜೇನು, ದುಂಬಿ, ಚಿಟ್ಟೆಗಳ ಪರಸೆ. ರಸ್ತೆ ಬದಿಯ ಹೂವೇ ಅವುಗಳ ಬುತ್ತಿ.

ಯಳಂದೂರು ತಾಲ್ಲೂಕಿನ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ನಾಲ್ಕು ಬಗೆಯ ಜೇನನ್ನು ಗುರುತಿಸುತ್ತಾರೆ: ಹೆಜ್ಜೇನು, ತುಡುವೆ, ಕಡ್ಡಿಜೇನು, ನೆಸರಿ. ದೊಡ್ಡ ಮರಗಳಲ್ಲಿ, ಬಂಡೆಗಳಲ್ಲಿ ಗೂಡು ಕಟ್ಟುವ ಹೆಜ್ಜೇನು ಕಾಡಿನಲ್ಲಿ ಹೂವಿನ ಕಾಲ ಮುಗಿದರೆ ಬೇರೆಡೆಗೆ ವಲಸೆ ಹೋಗುತ್ತದೆ. ಹೂ ಹುಡುಕಿ ಅದು ಹಲವು ಕಿಲೋಮೀಟರ್ ಹಾರಬಲ್ಲದು. ಚುಚ್ಚುವ ಕೊಂಡಿಯಿಲ್ಲದ ಪುಟ್ಟ ನೆಸರಿ ಕೆಲವು ನೂರು ಮೀಟರ್ ಹೋದರೆ ಹೆಚ್ಚು. ಗೂಡಿನ ಹತ್ತಿರ ಹೂವಿಲ್ಲದಿದ್ದರೆ ಅದಕ್ಕೆ ಉಪವಾಸವೇ ಗತಿ.

ಜೇನು ಹಸಿದರೆ ನಮಗೇನು ನಷ್ಟ? ರಾಗಿ, ಜೋಳಕ್ಕೆ ಜೇನು ಬೇಕಿಲ್ಲ. ಕುಂಬಳದ ಮಾತು ಬೇರೆ. ಅದರಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಜೇನೋ ದುಂಬಿಯೋ ಪರಾಗ ಹೊತ್ತು ತಂದರೆ ಮಾತ್ರ ಕಾಯಿ ಕಚ್ಚುತ್ತದೆ. ಹುಚ್ಚೆಳ್ಳಿಗೂ ಬೇರೆ ಗಿಡದ ಪರಾಗ ಬೇಕು. ಆದರೆ ಹೊಲದ ಹೂವು ಕೆಲವೇ ವಾರ ಇರುತ್ತದೆ. ಉಳಿದ ತಿಂಗಳುಗಳಲ್ಲಿ ಜೇನು ಏನು ತಿನ್ನಬೇಕು?

ಅದಕ್ಕೇ ರಸ್ತೆಯ ಅಂಚು ಮುಖ್ಯ. ಬೇಸಿಗೆಯಲ್ಲಿ ಹೊಂಗೆ ಹೂ ಬಿಡುತ್ತದೆ. ಅದರ ಹಿಂದೆಯೇ ಹುಣಸೆ. ಮಳೆ ಬಿದ್ದ ಮೇಲೆ ತುಂಬೆ, ಅಣ್ಣೆ. ತಂಗಡಿ, ಎಕ್ಕ ವರ್ಷದ ಹೆಚ್ಚು ಕಾಲ ಹೂವಿನಲ್ಲಿರುತ್ತವೆ. ತಂಗಡಿಯ ಹಳದಿ ಹೂವಿನಲ್ಲಿ ಒಂದು ತಮಾಷೆ ಇದೆ. ಅದರ ಪರಾಗ ಸಣ್ಣ ಕೊಳವೆಯೊಳಗೆ ಅಡಗಿರುತ್ತದೆ. ಕರಿದುಂಬಿ ಹೂವನ್ನು ಹಿಡಿದು 'ಝುಂಯ್' ಎಂದು ಮೈ ನಡುಗಿಸಿದಾಗ ಪರಾಗ ಉಪ್ಪಿನ ಡಬ್ಬಿಯಿಂದ ಉಪ್ಪು ಉದುರಿದಂತೆ ಉದುರುತ್ತದೆ! ಎಕ್ಕದ ಎಲೆಯ ಮೇಲೆ ಕಿತ್ತಳೆ ಬಣ್ಣದ ಚಿಟ್ಟೆಯೊಂದು ಮೊಟ್ಟೆ ಇಡುತ್ತದೆ. ಮರಿಹುಳುಗಳಿಗೆ ಆ ಎಲೆಯೇ ಊಟ.

ಇವನ್ನೆಲ್ಲ 'ಕಳೆ' ಎಂದು ಹೂ ಬಿಡುವ ಮೊದಲೇ ಕೊಚ್ಚುತ್ತೇವೆ, ಕಳೆನಾಶಕ ಸಿಂಪಡಿಸುತ್ತೇವೆ. ಖಾಲಿಯಾದ ಜಾಗಕ್ಕೆ ಪಾರ್ಥೇನಿಯಂ, ಲಂಟಾನ ಬಂದು ಕೂರುತ್ತವೆ. ಎರಡೂ ಅಮೆರಿಕ ಖಂಡದಿಂದ ಬಂದವು. ಲಂಟಾನ ಹೂವಿಗೂ ಚಿಟ್ಟೆ ಬರುತ್ತದೆ ನಿಜ. ಆದರೆ ಅದು ಪೊದೆಯಾಗಿ ಹಬ್ಬಿ ಬೇರೆ ಗಿಡಗಳಿಗೆ ಬಿಸಿಲು ಬೀಳದಂತೆ ಮಾಡುತ್ತದೆ. ಬಿಳಿಗಿರಿರಂಗನ ಬೆಟ್ಟದ ಕಾಡಿಗೂ ಇದೇ ಕಾಟ. ಮಾದಪ್ಪನ ಬೆಟ್ಟದ ಕಡೆಯ ಸೋಲಿಗರು ಲಂಟಾನ ಕಡ್ಡಿಯಿಂದ ಕುರ್ಚಿ, ಬುಟ್ಟಿ ಹೆಣೆಯುತ್ತಾರೆ. ಕಾಟ ಕೊಡುವ ಗಿಡದಿಂದಲೂ ಕೆಲಸ ತೆಗೆಯುವ ಜಾಣತನ ಅದು!

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಹೆದ್ದಾರಿ ಇಲಾಖೆಯೇ ರಸ್ತೆ ಬದಿಯಲ್ಲಿ ಅಲ್ಲಿನ ಕಾಡುಹೂಗಳ ಬೀಜ ಬಿತ್ತುತ್ತದೆ. ವಸಂತದ ಹೂ ಬೀಜವಾಗುವ ತನಕ ಅಲ್ಲಿ ಕತ್ತರಿ ಆಡಿಸುವುದಿಲ್ಲ. ನಮ್ಮೂರಿನಲ್ಲೂ ಇದು ಆಗದ ಕೆಲಸವಲ್ಲ.

ನೀವು ಹೀಗೆ ಮಾಡಬಹುದು. ತುಂಬೆ, ಅಣ್ಣೆ ಗಿಡಗಳು ಒಣಗಿದಾಗ ಬೀಜ ಉದುರಿಸಿ ಕಾಗದದ ಪೊಟ್ಟಣದಲ್ಲಿಡಿ. ಮೇಲೆ ಗಿಡದ ಹೆಸರು ಬರೆಯಿರಿ. ಮುಂಗಾರು ಮಳೆ ಬಿದ್ದು ನೆಲ ನೆನೆದಾಗ ಬೀಜವನ್ನು ಒಣಮಣ್ಣಿನಲ್ಲಿ ಬೆರೆಸಿ ಎರಚಿ. ತಂಗಡಿ ಬೀಜದ ಸಿಪ್ಪೆ ಗಟ್ಟಿ. ಅದನ್ನು ಮರಳಿನಲ್ಲಿ ಉಜ್ಜಿ, ಒಂದು ರಾತ್ರಿ ನೆನೆಸಿ ಬಿತ್ತಿ. ಶಾಲೆಯ ಬೇಲಿ, ಊರೊಳಗಿನ ದಾರಿಯ ಅಂಚು ಇದಕ್ಕೆ ಒಳ್ಳೆಯ ಜಾಗ. ತಿರುವುಗಳಲ್ಲಿ ಎತ್ತರದ ಗಿಡ ಬೇಡ, ಎದುರಿನ ವಾಹನ ಕಾಣುವುದಿಲ್ಲ. ದೊಡ್ಡ ರಸ್ತೆಗೆ ಮಕ್ಕಳಷ್ಟೇ ಹೋಗಬೇಡಿ. ಪಾರ್ಥೇನಿಯಂ ಮುಟ್ಟಿದರೆ ತುರಿಕೆ ಬರಬಹುದು, ಕೀಳುವ ಕೆಲಸ ದೊಡ್ಡವರಿಗಿರಲಿ. ಎಕ್ಕದ ಹಾಲು ಕಣ್ಣಿಗೆ ತಾಗದಂತೆಯೂ ಎಚ್ಚರವಿರಲಿ.

ಅಜ್ಜ, ಅಜ್ಜಿಯರೇ, ನಿಮಗೂ ಒಂದು ಕೆಲಸವಿದೆ. ಯಾವುದು ತುಂಬೆ, ಯಾವುದು ಉತ್ತರಾಣಿ ಎಂದು ನಿಮಗೆ ದೂರದಿಂದಲೇ ಗೊತ್ತಾಗುತ್ತದೆ. ಮೊಮ್ಮಕ್ಕಳಿಗೆ ಅದು ಗೊತ್ತಿಲ್ಲ. ಹೆಸರು ಗೊತ್ತಿಲ್ಲದ ಗಿಡವನ್ನು ಕೊಚ್ಚುವಾಗ ಯಾರೂ ತಡೆಯುವುದಿಲ್ಲ. ಈ ಭಾನುವಾರ ಬೆಳಗ್ಗೆ ಅವರ ಕೈ ಹಿಡಿದು ಊರ ದಾರಿಯಲ್ಲಿ ನಡೆಯಿರಿ, ಹತ್ತು ಗಿಡದ ಹೆಸರು ಹೇಳಿಕೊಡಿ. ಮಕ್ಕಳೇ, ಒಂದು ತುಂಬೆ ಗಿಡದ ಮುಂದೆ ಹತ್ತು ನಿಮಿಷ ಸುಮ್ಮನೆ ಕುಳಿತು, ಎಷ್ಟು ಜೇನು ಬಂದವು ಎಂದು ಎಣಿಸಿ ಬರೆದಿಡಿ. ಮುಂದಿನ ವರ್ಷ ಅದೇ ಜಾಗದಲ್ಲಿ ಕುಳಿತು ಮತ್ತೆ ಎಣಿಸೋಣ.