ಅಡವಿ, ಎರೆ, ಪರ್ಸಿ ಕಲ್ಲು: ಆನ್‌ಲೈನ್ ಸ್ನಾತಕೋತ್ತರ ಓದಿನ ಬಗ್ಗೆ ಇರುವ ನಂಬಿಕೆ, ಇರುವ ನಿಜ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಕಡೆ ಬಿ.ಎಸ್ಸಿ ಮುಗಿಸಿದವರಲ್ಲಿ ಎಂ.ಎಸ್ಸಿಗೆ ಊರು ಬಿಟ್ಟು ಹೋಗಲಾರದವರು ಬಹಳ. ಚಿಂಚೋಳಿಯಿಂದ ಕಲಬುರಗಿಗೆ ಎಂಬತ್ತು ಕಿಲೋಮೀಟರಿನಷ್ಟು ದಾರಿ. ಮನೆಯಲ್ಲಿ ತೊಗರಿ ಹೊಲ ಇರುತ್ತದೆ, ಇಲ್ಲವೇ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿ ಕೆಲಸ ಇರುತ್ತದೆ. ಹೆಣ್ಣುಮಕ್ಕಳಾದರೆ ಹಾಸ್ಟೆಲಿಗೆ ಕಳಿಸುವುದೇ ಬೇಡ ಅನ್ನುವ ಹಿರಿಯರೂ ಇರುತ್ತಾರೆ. ಇಂಥವರಿಗೆ ಪರಿಸರ ವಿಜ್ಞಾನವನ್ನೋ ನೈಸರ್ಗಿಕ ಸಂಪನ್ಮೂಲಗಳ ನಿರ್ವಹಣೆಯನ್ನೋ ಮನೆಯಿಂದಲೇ ಓದುವ ಅವಕಾಶ ಈಗ ಇದೆ. ಆದರೆ ಅದರ ಸುತ್ತ ಬೆಳೆದ ಮಾತುಗಳಲ್ಲಿ ಕೆಲವು ಸುಮ್ಮನೆ ಹೆದರಿಸುತ್ತವೆ, ಕೆಲವು ಸುಮ್ಮನೆ ಆಸೆ ಹುಟ್ಟಿಸುತ್ತವೆ. ಎರಡರಿಂದಲೂ ನಷ್ಟ ಓದುವವರಿಗೇ.

“ಆನ್‌ಲೈನ್ ಡಿಗ್ರಿ ಸರ್ಕಾರಿ ನೌಕರಿಗೆ ನಡಿಯಂಗಿಲ್ರಿ”

ಈ ಭಯ ಗಾಳಿಯಿಂದ ಬಂದದ್ದಲ್ಲ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2012-13ರ ನಂತರ ಯುಜಿಸಿ ಮಾನ್ಯತೆ ಸಿಗಲಿಲ್ಲ. ಮತ್ತೆ ಸಿಕ್ಕಿದ್ದು 2018ರಲ್ಲಿ. ಆ ನಡುವಿನ ವರ್ಷಗಳಲ್ಲಿ ಸೇರಿದವರು ಪಟ್ಟ ಪಾಡನ್ನು ಕಣ್ಣಾರೆ ಕಂಡ ಮನೆಗಳು ನಮ್ಮ ಜಿಲ್ಲೆಯಲ್ಲೂ ಇವೆ. ಮನೆಯ ಹಿರಿಯರು ಇಂದಿಗೂ “ಬೇಡ” ಅನ್ನುವುದು ಆ ನೆನಪಿನಿಂದಲೇ.

ನಿಯಮ ಈಗ ಸ್ಪಷ್ಟವಾಗಿದೆ. ಮುಕ್ತ, ದೂರಶಿಕ್ಷಣ ಮತ್ತು ಆನ್‌ಲೈನ್ ಕೋರ್ಸುಗಳಿಗೆ ಯುಜಿಸಿ 2020ರಲ್ಲಿ ಹೊಸ ನಿಯಮಾವಳಿ ತಂದಿತು. ಮಾನ್ಯತೆ ಪಡೆದ ಸಂಸ್ಥೆಯಿಂದ ಈ ದಾರಿಯಲ್ಲಿ ಬಂದ ಪದವಿ, ಸ್ನಾತಕೋತ್ತರ ಪದವಿಗಳು ಕಾಲೇಜಿಗೆ ಹೋಗಿ ಪಡೆದವಕ್ಕೆ ಸಮಾನ ಎಂದು ಅದರ 22ನೇ ನಿಯಮ ಹೇಳುತ್ತದೆ. 2022ರ ಸೆಪ್ಟೆಂಬರಿನಲ್ಲಿ ಯುಜಿಸಿ ಇದನ್ನು ಮತ್ತೊಮ್ಮೆ ಸಾರಿ ಹೇಳಿತು.

ಇಲ್ಲಿ ಮುಖ್ಯವಾದ ಪದ “ಮಾನ್ಯತೆ ಪಡೆದ”. ವಿಶ್ವವಿದ್ಯಾಲಯದ ಹೆಸರು ದೊಡ್ಡದು ಎಂಬುದಷ್ಟೇ ಸಾಲದು. ನೀವು ಸೇರುವ ಆ ಕೋರ್ಸಿಗೆ, ನೀವು ಸೇರುವ ಆ ವರ್ಷಕ್ಕೆ ಅನುಮತಿ ಇದೆಯೇ ಎಂದು ಯುಜಿಸಿಯ ದೂರಶಿಕ್ಷಣ ಬ್ಯೂರೊದ ಜಾಲತಾಣದಲ್ಲಿ ನೋಡಬೇಕು. 2024ರಿಂದ ಇಂಥ ಕೋರ್ಸುಗಳಿಗೆ ಸೇರುವ ವಿದ್ಯಾರ್ಥಿ ಅಲ್ಲೇ ನೋಂದಾಯಿಸಿಕೊಂಡು ಡೆಬ್ ಐಡಿ ಪಡೆಯುವುದು ಕಡ್ಡಾಯವಾಗಿದೆ. ಬಸ್ ಸ್ಟ್ಯಾಂಡ್ ಎದುರಿನ ಅಂಗಡಿಯಲ್ಲಿ ಕುಳಿತು “ಡೆಬ್ ಐಡಿ ಗಿಡಿ ಏನೂ ಬೇಡ, ಫೀಸು ನನ್ನ ಕೈಗೆ ಕೊಡ್ರಿ” ಅನ್ನುವವರ ಹತ್ತಿರ ಹಣ ಕಟ್ಟಬೇಡಿ. ಫ್ರಾಂಚೈಸಿ ಕೊಟ್ಟು ಕೋರ್ಸು ನಡೆಸುವುದನ್ನು ನಿಯಮ ನಿಷೇಧಿಸಿದೆ.

ನಮ್ಮ ಭಾಗದವರಿಗೆ ಇನ್ನೊಂದು ಅನುಮಾನ: ಮೈಸೂರಿನದೋ ದಿಲ್ಲಿಯದೋ ಪದವಿ ತಂದರೆ 371(ಜೆ) ಮೀಸಲಾತಿ ಹೋಗುತ್ತದೆಯೇ ಎಂದು. ಹೋಗುವುದಿಲ್ಲ. ಸ್ಥಳೀಯ ವ್ಯಕ್ತಿ ಪ್ರಮಾಣಪತ್ರಕ್ಕೆ ನೋಡುವುದು ಹುಟ್ಟು ಮತ್ತು ವಾಸ, ಎಂ.ಎಸ್ಸಿ ಎಲ್ಲಿಂದ ಬಂತು ಎಂಬುದನ್ನಲ್ಲ.

ಕೋರ್ಸಿನ ಹೆಸರನ್ನು ಮಾತ್ರ ಗಮನಿಸಬೇಕು. ಮುಂದೆ ಉಪನ್ಯಾಸಕರಾಗುವ ಆಸೆ ಇದ್ದರೆ ಯುಜಿಸಿ ನೆಟ್ ಪರೀಕ್ಷೆಯಲ್ಲಿರುವ ವಿಷಯ ‘ಪರಿಸರ ವಿಜ್ಞಾನ’. ಪದವಿಯ ಮೇಲೆ ಬೇರೇನೋ ಆಕರ್ಷಕ ಹೆಸರಿದ್ದರೆ ಅರ್ಜಿ ಪರಿಶೀಲಿಸುವ ಟೇಬಲ್ಲಿನಲ್ಲಿ ತಕರಾರು ಏಳಬಹುದು. ದಿಲ್ಲಿಯ ಇಗ್ನೋದಲ್ಲಿ ಮತ್ತು ಮೈಸೂರಿನ ನಮ್ಮ ಮುಕ್ತ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ ಪರಿಸರ ವಿಜ್ಞಾನ ಎಂಬ ನೇರ ಹೆಸರಿನ ಕೋರ್ಸೇ ಇದೆ. ಇವು ದೂರಶಿಕ್ಷಣದ ಕೋರ್ಸುಗಳು. ಪೂರ್ತಿ ಆನ್‌ಲೈನ್ ಅಲ್ಲ, ಆದರೆ ನಿಯಮದ ಕಣ್ಣಿಗೆ ಎರಡೂ ಒಂದೇ.

“ಪರಿಸರ ಅಂದ್ರ ಮಲೆನಾಡಿನ ಮಾತು, ನಮ್ಮಲ್ಲಿ ಓದ್ಲಿಕ್ಕೆ ಏನದ?”

ಎಲ್ಲಕ್ಕಿಂತ ಹೆಚ್ಚು ನೋವು ಕೊಡುವ ಮಾತು ಇದು. ಹೊರಗಿನವರು ಆಡಿದರೆ ತಿದ್ದಬಹುದು, ನಾವೇ ಆಡಿಕೊಳ್ಳುತ್ತೇವೆ.

ನಕಾಶೆ ಬಿಡಿಸಿ ನೀರಿನ ದಾರಿ ಹಿಡಿದು ನೋಡಿ. ಬೀದರ್ ಕಡೆಯಿಂದ ಇಳಿದ ಮುಲ್ಲಾಮಾರಿ ಚಿಂಚೋಳಿ ದಾಟಿ ಕಾಗಿಣಾಕ್ಕೆ ಸೇರುತ್ತದೆ. ಕಾಗಿಣಾ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಕೋಟೆ ಬದಿಗೆ ಹರಿದು, ಶಹಾಬಾದಿನ ಹತ್ತಿರ ಹೊನಗುಂಟಾದಲ್ಲಿ ಭೀಮೆಯನ್ನು ಕೂಡುತ್ತದೆ. ಮೇಲೆ ಚಿಂಚೋಳಿಯ ಅಡವಿ, ನಡುವೆ ಎರೆ ಭೂಮಿಯ ತೊಗರಿ, ಕೆಳಗೆ ಸುಣ್ಣದ ಕಲ್ಲಿನ ಗಣಿ ಮತ್ತು ಸಿಮೆಂಟಿನ ಕಾರ್ಖಾನೆಗಳು. ಅಡವಿ, ಒಕ್ಕಲುತನ, ಗಣಿಗಾರಿಕೆ ಮೂರೂ ಒಂದೇ ನೀರನ್ನು ಹಂಚಿಕೊಂಡಿರುವ ಇಂಥ ಜಾಗ ಜಲಾನಯನ ನಿರ್ವಹಣೆ ಓದುವವರಿಗೆ ಸುಲಭಕ್ಕೆ ಸಿಗುವುದಿಲ್ಲ.

ಚಿಂಚೋಳಿಯ ಅಡವಿಯನ್ನು 2011ರಲ್ಲಿ ವನ್ಯಜೀವಿಧಾಮ ಎಂದು ಘೋಷಿಸಲಾಯಿತು. ವಿಸ್ತಾರ ಸುಮಾರು 134 ಚದರ ಕಿಲೋಮೀಟರ್. ಕೃಷ್ಣಮೃಗ, ಕೊಂಡುಕುರಿ, ತೋಳ, ಕತ್ತೆಕಿರುಬ, ನರಿ ಅಲ್ಲಿವೆ; ಒಳಗೆ ಚಂದ್ರಂಪಳ್ಳಿ ಜಲಾಶಯ ಇದೆ. ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿ ನಿಂತ ಮರಗಳನ್ನು ಕಂಡು “ಇದೆಂಥ ಕಾಡು” ಅನ್ನುವವರಿದ್ದಾರೆ. ಎಲೆ ಉದುರಿಸುವುದು ನೀರು ಉಳಿಸಿಕೊಳ್ಳಲು ಆ ಮರಗಳು ಕಂಡುಕೊಂಡ ದಾರಿ. ಒಣ ಎಲೆಯುದುರು ಕಾಡಿನ ಜೀವನಕ್ರಮವೇ ಅದು.

ಅಡವಿಯ ಒಳಗೂ ಅಂಚಿಗೂ ಲಂಬಾಣಿ ತಾಂಡಾಗಳಿವೆ. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಅಲ್ಲಿ ನೆಲೆಸಿದ್ದನ್ನು ತೋರಿಸಿದರೆ ಹಕ್ಕು ಕೇಳಲು ಸಾಕು. ಕರ್ನಾಟಕದಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯಲ್ಲಿದ್ದಾರೆ. ಹಾಗಾಗಿ ಅವರು ‘ಇತರ ಪಾರಂಪರಿಕ ಅರಣ್ಯವಾಸಿ’ಗಳಾಗುತ್ತಾರೆ, ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಬಾಳಿದ್ದಕ್ಕೆ ಪುರಾವೆ ಕೊಡಬೇಕಾಗುತ್ತದೆ. ಕಾಗದಪತ್ರವೇ ಇಲ್ಲದ ತಾಂಡಾದ ಅಜ್ಜ ಅದನ್ನು ಎಲ್ಲಿಂದ ತರಬೇಕು? ಹಿರಿಯರ ಹೇಳಿಕೆಯೂ ಪುರಾವೆಯಾಗುತ್ತದೆ ಎಂದು ನಿಯಮದಲ್ಲಿದೆ. ಅದನ್ನು ಗ್ರಾಮಸಭೆಯಲ್ಲಿ ಕ್ರಮಬದ್ಧವಾಗಿ ಬರೆದಿಡಲು ಓದಿದವರು ಬೇಕು. ಪರಿಸರದ ಓದೆಂದರೆ ಬರೀ ಪ್ರಾಣಿ ಪಕ್ಷಿಗಳ ಪಟ್ಟಿಯಲ್ಲ, ಈ ಕಾನೂನೂ ಅದರ ಪಾಠ.

ಇನ್ನು ಶಹಾಬಾದಿನ ಪರ್ಸಿ ಖಣಿಯ ಅಂಚಿನಲ್ಲಿ ನಿಂತು ಕೆಳಗೆ ನೋಡಿ. ಮೇಲಿನ ಪದರ ಕಪ್ಪು ಎರೆ, ಅದರ ಕೆಳಗೆ ಪುಡಿಪುಡಿಯಾದ ಸುಣ್ಣದ ಕಲ್ಲು, ಅದಕ್ಕೂ ಕೆಳಗೆ ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕುಳಿತ ನಸುಗಪ್ಪು ಕಲ್ಲಿನ ಹಾಸು. ಭೂವಿಜ್ಞಾನಿಗಳು ಭೀಮಾ ಶ್ರೇಣಿ ಎನ್ನುವ, ಕೋಟ್ಯಂತರ ವರ್ಷಗಳ ಹಿಂದೆ ಕಡಲ ತಳದಲ್ಲಿ ಕುಳಿತ ಕಲ್ಲು ಇದು. ಉಳಿ ಇಟ್ಟು ಬಡಿದರೆ ಪದರ ಪದರವಾಗಿ ಏಳುತ್ತದೆ. ಎಷ್ಟೋ ಊರುಗಳ ಮನೆಗಳಿಗೆ ನೆಲಹಾಸಾಗಿದೆ. ಎದ್ದ ಕಲ್ಲಿನ ಪಕ್ಕದಲ್ಲೇ ಒಡೆದ ಚೂರುಗಳ ಗುಡ್ಡೆ. ಕೆಲಸ ನಿಂತ ಖಣಿಗಳಲ್ಲಿ ಮಳೆನೀರು. ಆ ನೀರು ಸುತ್ತಲಿನ ಬಾವಿಗಳಿಗೆ ಇಂಗುತ್ತಿದೆಯೋ, ಕೆಲಸ ನಡೆದಿರುವ ಪಕ್ಕದ ಖಣಿಯಿಂದ ನೀರೆತ್ತಿದಾಗ ಬಾವಿಗಳು ಇಳಿಯುತ್ತಿವೆಯೋ? ಊಹೆಯಿಂದ ಉತ್ತರ ಬರುವುದಿಲ್ಲ, ಅಳೆಯಬೇಕು. ಮುಂಗಾರಿಗೆ ಮುಂಚೆ, ಮುಂಗಾರು ಮುಗಿದ ಮೇಲೆ ಅದದೇ ಬಾವಿಗಳ ನೀರಿನ ಮಟ್ಟ ಅಳೆದು ಬರೆದಿಟ್ಟರೆ ಅದೇ ಒಂದು ಒಳ್ಳೆಯ ಪ್ರಬಂಧ.

ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳ ಬಗ್ಗೆ ಊರಿನವರಿಗೆ ಕಾಣುವುದು ಧೂಳು. ಕಾಣದ ಲೆಕ್ಕ ಇನ್ನೊಂದಿದೆ. ಶುದ್ಧ ಸುಣ್ಣದ ಕಲ್ಲು 100 ಕಿಲೋ ಸುಟ್ಟರೆ 56 ಕಿಲೋ ಸುಣ್ಣ ಉಳಿದು, 44 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಇದು ಕಲ್ಲಿನೊಳಗಿನಿಂದಲೇ ಹೊರಡುವುದು, ಕಲ್ಲಿದ್ದಲಿನ ಹೊಗೆಯ ಲೆಕ್ಕ ಬೇರೆ. ಹಾಗಾಗಿ ಕುಲುಮೆಗೆ ಬಿಸಿಲಿನ ವಿದ್ಯುತ್ತು ಕೊಟ್ಟರೂ ಸಿಮೆಂಟಿನ ಇಂಗಾಲದ ಸಮಸ್ಯೆ ಪೂರ್ತಿ ಬಗೆಹರಿಯುವುದಿಲ್ಲ. ಹವಾಮಾನ ಬದಲಾವಣೆಯ ಬಗ್ಗೆ ಜಗತ್ತಿನ ದೊಡ್ಡ ಸಭೆಗಳಲ್ಲಿ ಚರ್ಚೆಯಾಗುವ ವಿಷಯ ವಾಡಿ ಜಂಕ್ಷನ್ನಿನ ಪ್ಲಾಟ್‌ಫಾರ್ಮಿಗೆ ಇಳಿದವರ ಕಣ್ಣೆದುರೇ ಇದೆ.

“ಮೊಬೈಲ್ ನೋಡಿ ಅಡವಿ ಕಲಿಯೋದು ಹ್ಯಾಂಗ?”

ಬರೀ ಮೊಬೈಲ್ ನೋಡಿದರೆ ಆಗುವುದಿಲ್ಲ, ನಿಜ. ಆದರೆ ದೂರಶಿಕ್ಷಣದ ಎಂ.ಎಸ್ಸಿ ಎಂದರೆ ಬರೀ ವಿಡಿಯೊ ಎಂದು ತಿಳಿದದ್ದು ತಪ್ಪು. ಪ್ರಯೋಗಾಲಯದ ತರಗತಿಗಳಿಗೆ ಗೊತ್ತುಮಾಡಿದ ಕೇಂದ್ರಕ್ಕೆ ಹೋಗಲೇಬೇಕು, ಪ್ರಾಜೆಕ್ಟ್ ಮಾಡಲೇಬೇಕು. ಆ ದಿನಗಳಿಗೆ ರಜೆ ಸಿಗುತ್ತದೆಯೇ ಎಂದು ಸೇರುವ ಮುಂಚೆಯೇ ನೋಡಿಕೊಳ್ಳಿ.

ನಿಜವಾಗಿ ಮನೆಯಲ್ಲಿ ಕುಳಿತೇ ಚೆನ್ನಾಗಿ ಕಲಿಯಬಹುದಾದದ್ದು ಉಪಗ್ರಹ ಚಿತ್ರಗಳನ್ನು ಓದುವ ವಿದ್ಯೆ. ಅಮೆರಿಕದ ಲ್ಯಾಂಡ್‌ಸ್ಯಾಟ್ ಉಪಗ್ರಹಗಳು 1972ರಿಂದ ತೆಗೆದ ಚಿತ್ರಗಳು ಯಾರಿಗಾದರೂ ಉಚಿತ. ಯುರೋಪಿನ ಸೆಂಟಿನೆಲ್-2 ಸುಮಾರು ಐದು ದಿನಕ್ಕೊಮ್ಮೆ ನಮ್ಮ ಹೊಲಗಳ ಮೇಲೆ ಹಾದು, 10 ಮೀಟರ್ ಅಗಲದ ತುಣುಕನ್ನೂ ಬೇರೆಯಾಗಿ ತೋರಿಸುತ್ತದೆ. ಕ್ಯೂಜಿಐಎಸ್ ಎಂಬ ತಂತ್ರಾಂಶಕ್ಕೆ ದುಡ್ಡಿಲ್ಲ. ಡೆಹ್ರಾಡೂನಿನಲ್ಲಿರುವ ಇಸ್ರೊದ ದೂರಸಂವೇದಿ ಸಂಸ್ಥೆ 2007ರಿಂದ ಈ ವಿದ್ಯೆಯನ್ನು ದೂರದಿಂದಲೇ ಕಲಿಸುತ್ತ ಬಂದಿದೆ. ಶಹಾಬಾದ್ ಸುತ್ತ ಖಣಿಗಳು ಯಾವ ವರ್ಷ ಯಾವ ದಿಕ್ಕಿಗೆ ಬೆಳೆದವು, ಎಲ್ಲಿ ನೀರು ನಿಂತಿತು ಎಂದು ಒಂದು ಸಾಧಾರಣ ಲ್ಯಾಪ್‌ಟಾಪಿನಲ್ಲಿ ನೋಡಬಹುದು. ಹಾಗೆ ನೋಡಿದ್ದು ಸರಿಯೇ ಎಂದು ಬೈಕಿನಲ್ಲಿ ಹೋಗಿ ಕಂಡು ಬರುವುದಕ್ಕೆ ಅರ್ಧ ದಿನ ಸಾಕು. ಬೆಂಗಳೂರಿನ ಪ್ರಯೋಗಾಲಯದಲ್ಲಿ ಕುಳಿತು ಇದೇ ಚಿತ್ರ ನೋಡುವವರಿಗೆ ಆ ಅರ್ಧ ದಿನದ ಅನುಕೂಲ ಇಲ್ಲ.

ಸರ್ಕಾರವೇ ಸಿದ್ಧಪಡಿಸಿದ ಮಾಹಿತಿಯೂ ಇದೆ. ಸುಜಲಾ ಯೋಜನೆಯ ಮೂರನೇ ಹಂತದಲ್ಲಿ ಆಯ್ದ ಜಲಾನಯನಗಳಲ್ಲಿ ಸರ್ವೆ ನಂಬರಿನ ಮಟ್ಟದಲ್ಲಿ ಮಣ್ಣಿನ ಆಳ, ಇಳಿಜಾರು, ಹೊಂದುವ ಬೆಳೆ ಗುರುತಿಸಲಾಯಿತು; ಕಲಬುರಗಿ ಆ ಜಿಲ್ಲೆಗಳಲ್ಲೊಂದು. 2019ರಲ್ಲಿ ಭೌಗೋಳಿಕ ಗುರುತು ಪಡೆದ ನಮ್ಮ ತೊಗರಿಯ ಭವಿಷ್ಯ ಎರೆಯ ಆ ಆಳಕ್ಕೆ, ಅದು ಹಿಡಿದಿಡುವ ತೇವಕ್ಕೆ ಕಟ್ಟುಬಿದ್ದಿದೆ. ಈ ಮಾಹಿತಿ ಇನ್ನೂ ಹೆಚ್ಚು ಹೊಲಗಳಿಗೆ ಇಳಿಯಬೇಕು.

“ಇದು ಮುಗಿಸಿದ್ರ ಸೀದಾ ಫಾರೆಸ್ಟ್ ಆಫೀಸರ್”

ಇಲ್ಲ. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಕೂರಲು ಪದವಿಯಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ, ಭೂವಿಜ್ಞಾನ, ಪಶುವೈದ್ಯಕೀಯ ಇವುಗಳಲ್ಲೊಂದು ಇರಬೇಕು, ಇಲ್ಲವೇ ಕೃಷಿ, ಅರಣ್ಯಶಾಸ್ತ್ರ, ಎಂಜಿನಿಯರಿಂಗ್ ಪದವಿ ಇರಬೇಕು. ಪರಿಸರ ವಿಜ್ಞಾನ ಆ ಪಟ್ಟಿಯಲ್ಲಿಲ್ಲ. ಬಿ.ಎಸ್ಸಿ ಸಿಬಿಝಡ್ ಮಾಡಿದವರಿಗೆ ಅರ್ಹತೆ ಆಗಲೇ ಇದೆ. ಕಲಾ ವಿಭಾಗದವರಿಗೆ ಪರಿಸರದ ಎಂ.ಎ ಅದನ್ನು ತಂದುಕೊಡುವುದಿಲ್ಲ. ಯಾರಾದರೂ ಹಾಗೆ ಹೇಳಿ ಫೀಸು ಕಟ್ಟಿಸಿಕೊಂಡರೆ ಅದು ಮೋಸ.

“ಆನ್‌ಲೈನಲ್ಲಿ ಎಂ.ಎಸ್ಸಿ ಅಗ್ರಿನೂ ಸಿಗ್ತದ, ಫಾರಿನ್ ಡಿಗ್ರಿನೂ ಸಿಗ್ತದ”

ಕೃಷಿ, ತೋಟಗಾರಿಕೆ ಪದವಿಗಳನ್ನು ಆನ್‌ಲೈನಿನಲ್ಲಿ ಕೊಡಲು ಯುಜಿಸಿ ಬಿಟ್ಟಿಲ್ಲ, ಪಿಎಚ್‌.ಡಿಯನ್ನೂ ಬಿಟ್ಟಿಲ್ಲ. ಹೊರದೇಶದಲ್ಲಿ ಒಳ್ಳೆಯ ಕೋರ್ಸುಗಳಿವೆ. ಅಮೆರಿಕದ ಆರೆಗಾನ್ ಸ್ಟೇಟ್ ವಿಶ್ವವಿದ್ಯಾಲಯ ನೈಸರ್ಗಿಕ ಸಂಪನ್ಮೂಲದ ಸ್ನಾತಕೋತ್ತರ ಪದವಿಯನ್ನು ಪೂರ್ತಿ ಆನ್‌ಲೈನಿನಲ್ಲೇ ಕಲಿಸುತ್ತದೆ. ಅಲ್ಲಿ ಅದಕ್ಕೆ ಬೆಲೆ ಇದೆ. ಆದರೆ ಇಲ್ಲಿನ ಸರ್ಕಾರಿ ಹುದ್ದೆಗೆ ಅದನ್ನು ನಂಬಿ ಸಾಲ ಮಾಡುವ ಮುಂಚೆ ಸಮಾನತೆಯ ಪ್ರಶ್ನೆ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಖಾಸಗಿ ಕಂಪನಿಗಳು ವಿದೇಶಿ ವಿಶ್ವವಿದ್ಯಾಲಯಗಳ ಜೊತೆ ಸೇರಿ ಕೊಡುವ ಆನ್‌ಲೈನ್ ಪದವಿಗಳಿಗೆ ಮಾನ್ಯತೆ ಇಲ್ಲ ಎಂದು ಯುಜಿಸಿ 2023ರ ಡಿಸೆಂಬರಿನಲ್ಲಿ ಎಚ್ಚರಿಸಿದೆ.

“ಕೆಲಸ ಕೊಟ್ರ ಫ್ಯಾಕ್ಟರಿನೇ ಕೊಡಬೇಕು; ಇಲ್ಲಾಂದ್ರ ಫ್ಯಾಕ್ಟರಿ ವಿರುದ್ಧ ನಿಲ್ಲಬೇಕು”

ಎರಡೂ ಅಲ್ಲದ ಕೆಲಸ ಬೇಕಾದಷ್ಟಿದೆ. ಗಣಿ ಗುತ್ತಿಗೆ ಪಡೆದವರು ಗಣಿ ಮುಚ್ಚುವ ಯೋಜನೆಯನ್ನೂ ಸಲ್ಲಿಸಬೇಕು; ಅಗೆದ ನೆಲವನ್ನು ಮತ್ತೆ ಹೇಗೆ ಸರಿಪಡಿಸುತ್ತೀರಿ ಎಂಬುದು ಅದರಲ್ಲಿರುತ್ತದೆ. ಆ ನೆಲದ ಮೇಲೆ ಯಾವ ಗಿಡ ಹಿಡಿಯುತ್ತದೆ ಎಂಬುದು ಈ ಓದಿನ ಪ್ರಶ್ನೆ. ಗಣಿ ಕಾನೂನಿನ 2015ರ ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಗಣಿಗಳಿಂದ ಹಣ ಬರುತ್ತದೆ. ಕುಡಿಯುವ ನೀರು, ಪರಿಸರ ರಕ್ಷಣೆ, ಆರೋಗ್ಯ ಅದರ ಆದ್ಯತೆಗಳು. ಹಣ ಎಲ್ಲಿ ಬೇಕು ಎಂದು ಅಂಕಿಅಂಶ ಸಮೇತ ತೋರಿಸಬಲ್ಲವರು ಊರಲ್ಲೇ ಇದ್ದರೆ ಒಳ್ಳೆಯದು. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಪಂಚಾಯಿತಿಗೂ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಪರಿಸರ ಪರಿಣಾಮದ ವರದಿ ಬರೆಯುವ ಸಲಹಾ ಸಂಸ್ಥೆಗಳಿಗೆ ನ್ಯಾಬೆಟ್ ಎಂಬ ರಾಷ್ಟ್ರೀಯ ಮಂಡಳಿಯ ಮಾನ್ಯತೆ ಕಡ್ಡಾಯ. ಅಲ್ಲಿ ತಜ್ಞರೆನಿಸಿಕೊಳ್ಳಲು ಪದವಿಯ ಜೊತೆ ಅನುಭವವೂ ಬೇಕು. ಹಾಗಾಗಿ ಮೊದಲ ವರ್ಷಗಳ ಸಂಬಳ ಸಣ್ಣದೇ ಇರುತ್ತದೆ, ಇದನ್ನು ಮುಚ್ಚಿಟ್ಟು ಹೇಳಬಾರದು.

“ಕನ್ನಡ ಮೀಡಿಯಮ್ಮಿನವರಿಗೆ ಆಗೋದಲ್ಲ”

ಪಾಠ, ಪುಸ್ತಕ ಬಹುಪಾಲು ಇಂಗ್ಲಿಷಿನಲ್ಲಿವೆ. ಮೊದಲ ಆರು ತಿಂಗಳು ಕಷ್ಟವಾಗುತ್ತದೆ. ಆದರೆ ಕೆಲಸ ನಡೆಯುವುದು ಯಾವ ಭಾಷೆಯಲ್ಲಿ ಎಂದು ನೋಡಿ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ದೊಡ್ಡ ಗಣಿಗೋ ಕಾರ್ಖಾನೆಗೋ ಅನುಮತಿ ಕೊಡುವ ಮುಂಚೆ ಸಾಮಾನ್ಯವಾಗಿ ಸಾರ್ವಜನಿಕ ಅಹವಾಲು ಸಭೆ ಆಗಬೇಕು, ಮೂವತ್ತು ದಿನ ಮುಂಚಿತವಾಗಿ ನೋಟಿಸು ಹೊರಡಬೇಕು. ಕನ್ನಡದಲ್ಲಿ ಸಿಗುವುದು ವರದಿಯ ಸಾರಾಂಶ. ನೂರಾರು ಪುಟದ ಮೂಲ ವರದಿ ಇಂಗ್ಲಿಷಿನಲ್ಲೇ ಇರುತ್ತದೆ. ಧೂಳನ್ನು ಯಾವ ತಿಂಗಳಲ್ಲಿ ಅಳೆದರು, ಗಾಳಿ ಯಾವ ಕಡೆ ಬೀಸುವಾಗ ಅಳೆದರು, ಎಷ್ಟು ಬಾವಿಗಳ ನೀರು ಪರೀಕ್ಷಿಸಿದರು ಎಂಬುದೆಲ್ಲ ಅದರೊಳಗೆ. ಆ ಮೂವತ್ತು ದಿನಗಳಲ್ಲಿ ಅದನ್ನು ಓದಿ ಅರ್ಥಮಾಡಿಕೊಂಡು, ಸಭೆಯ ದಿನ ಎದ್ದು ನಿಂತು “ಮಳೆಗಾಲದಲ್ಲಿ ಅಳೆದ ಧೂಳಿನ ಲೆಕ್ಕ ಬೇಸಿಗೆಗೆ ಹೊಂದಂಗಿಲ್ಲ, ಮಾರ್ಚದಾಗ ಮತ್ತೊಮ್ಮೆ ಅಳೀರಿ” ಎಂದು ನಮ್ಮ ಮಾತಿನಲ್ಲೇ ಹೇಳಿ, ಅದನ್ನು ನಡಾವಳಿಯಲ್ಲಿ ಬರೆಸುವವರು ಬೇಕಾಗಿದ್ದಾರೆ.